ಯುಕೆಯಲ್ಲಿ ಹುಟ್ಟಿದ ಮಗುವಿಗೆ ಮೊದಲು ಐಎಲ್‌ಆರ್ ಮಾಡಿಸಬೇಕೆ, ನೇರವಾಗಿ ಬ್ರಿಟಿಷ್ ಪೌರತ್ವಕ್ಕೆ ಹಾಕಬಹುದೆ?

ಮಗುವಿಗೆ ಐಎಲ್‌ಆರ್‌ಗೆ, ಅಂದರೆ ಯುಕೆಯಲ್ಲಿ ಕಾಲಮಿತಿಯಿಲ್ಲದೆ ಇರುವ ಅನುಮತಿಗೆ, ಅರ್ಜಿ ಹಾಕಲೇಬೇಡಿ. ದುಡ್ಡು ಕಟ್ಟಿಲ್ಲ ಅಂದರೆ ಇಲ್ಲಿಗೇ ನಿಲ್ಲಿಸಿ.

ಗಂಡ ಹೆಂಡತಿಗೆ ಐಎಲ್‌ಆರ್ ಬಂದಿದೆ, ಮಗ ಇಲ್ಲೇ ಹುಟ್ಟಿದವನು, ಅವನ ಡಿಪೆಂಡೆಂಟ್ ವೀಸಾ ಮುಗಿಯುತ್ತಾ ಬಂತು, ಊರಲ್ಲಿ ಹಿರಿಯರಿಗೆ ಸಮಾಧಾನವಿಲ್ಲ ಅಂತ ಬರೆದಿದ್ದೀರಿ. ನಮ್ಮ ಮನೆಯಲ್ಲಿ ಇದೆಲ್ಲ ಹೀಗೇ ನಡೆದಿದೆ.

ನಮ್ಮ ಮಗಳು 2020ರಲ್ಲಿ ಮಿಲ್ಟನ್ ಕೀನ್ಸ್‌ನಲ್ಲಿ ಹುಟ್ಟಿದಳು. ಇಂಗ್ಲೆಂಡಿನಲ್ಲಿ ಹುಟ್ಟಿದರೆ ಇಂಗ್ಲೆಂಡಿನವಳೇ ಅಂತ ಊರಿನವರೆಲ್ಲ ತಿಳಿದಿದ್ದರು. ಅದು 1983ರ ಜನವರಿ 1ಕ್ಕೇ ಮುಗಿದ ಕಾಲ. 1981ರ ಬ್ರಿಟಿಷ್ ನ್ಯಾಷನಾಲಿಟಿ ಆಕ್ಟ್ ಜಾರಿಯಾದ ಆ ದಿನದಿಂದ, ಮಗು ಹುಟ್ಟುವ ಹೊತ್ತಿಗೆ ಅಪ್ಪ ಅಮ್ಮನಲ್ಲಿ ಒಬ್ಬರಾದರೂ ಬ್ರಿಟಿಷ್ ಪ್ರಜೆಯೋ ಐಎಲ್‌ಆರ್ ಇರುವವರೋ ಆಗಿರಬೇಕು. ನಾವಿಬ್ಬರೂ ಆಗ ವೀಸಾದ ಮೇಲೆ ಇದ್ದವರು. ಹಾಗಾಗಿ ಅವಳಿಗೆ ಹೈಕಮಿಷನ್‌ನಲ್ಲಿ ಭಾರತದ ಪಾಸ್‌ಪೋರ್ಟ್ ಮಾಡಿಸಿ, ಅದಕ್ಕೆ ಡಿಪೆಂಡೆಂಟ್ ವೀಸಾ ತೆಗೆದುಕೊಂಡೆವು.

2024ರ ಶುರುವಿನಲ್ಲಿ ನಮ್ಮ ಐದು ವರ್ಷ ತುಂಬಿತು. ಅರ್ಜಿ ತುಂಬಿಸಲು ಒಬ್ಬ ಸಲಹೆಗಾರರ ಹತ್ತಿರ ಹೋದೆವು. ಅವರು ಪಾಸ್‌ಪೋರ್ಟ್‌ಗಳನ್ನು ಎಣಿಸಿ, ಮೂರು ಅರ್ಜಿ, ಮೂರು ಫೀಸು ಅಂದರು. ನಾವು ಮರುಮಾತಾಡಲಿಲ್ಲ. ವೀಸಾ, ಆಮೇಲೆ ಐಎಲ್‌ಆರ್, ಆಮೇಲೆ ಪೌರತ್ವ, ಮನೆಯಲ್ಲಿ ಎಲ್ಲರೂ ಒಂದೊಂದೇ ಮೆಟ್ಟಿಲು ಹತ್ತಬೇಕು ಅನ್ನುವ ಲೆಕ್ಕ ನಮ್ಮ ತಲೆಯಲ್ಲೂ ಕೂತಿತ್ತು. ಮಗಳ ಹೆಸರಿನಲ್ಲಿ 2,885 ಪೌಂಡ್ ಕಟ್ಟಿದೆವು.

ಅದರ ಅಗತ್ಯವೇ ಇರಲಿಲ್ಲ. ಅದೇ ಕಾಯ್ದೆಯ 1(3)ನೇ ಸೆಕ್ಷನ್ ಹೇಳುವುದು ಇಷ್ಟು: ಮಗು ಯುಕೆಯಲ್ಲಿ ಹುಟ್ಟಿರಬೇಕು, ಆಮೇಲೆ ಅಪ್ಪ ಅಥವಾ ಅಮ್ಮನಿಗೆ ಐಎಲ್‌ಆರ್ ಇಲ್ಲವೇ ಪೌರತ್ವ ಸಿಕ್ಕಿರಬೇಕು, ಮಗುವಿಗೆ 18 ತುಂಬುವ ಮೊದಲು ಅರ್ಜಿ ಹಾಕಬೇಕು. ಮಗುವಿಗೆ ಐಎಲ್‌ಆರ್ ಇರಬೇಕು ಅಂತ ಅದರಲ್ಲಿ ಎಲ್ಲೂ ಇಲ್ಲ. ಚಾಲ್ತಿಯಲ್ಲಿರುವ ವೀಸಾ ಬೇಕು ಅಂತಲೂ ಇಲ್ಲ. ಇಬ್ಬರಿಗೂ ಐಎಲ್‌ಆರ್ ಬರಲಿ ಅಂತ ಕಾಯಬೇಕಾಗಿಯೂ ಇಲ್ಲ, ಒಬ್ಬರಿಗೆ ಬಂದರೆ ಸಾಕು. ನಮಗೆ ಮಂಜೂರಾದ ಮಾರನೆಯ ದಿನವೇ ಮಗಳಿಗೆ ಎಂಎನ್1, ಅಂದರೆ ಮಗುವನ್ನು ಬ್ರಿಟಿಷ್ ಪ್ರಜೆಯಾಗಿ ನೋಂದಾಯಿಸುವ ಅರ್ಜಿ ಹಾಕಬಹುದಿತ್ತು. ಅದರ ಶುಲ್ಕ ಆಗ 1,214 ಪೌಂಡ್. ನಾವು ಮೊದಲು 2,885 ಕಟ್ಟಿ, ಅದೇ ವರ್ಷ ಮತ್ತೆ 1,214 ಕಟ್ಟಿದೆವು. ಕೈಯಲ್ಲಿದ್ದ ಹಕ್ಕಿಗೆ ಎರಡು ಸಲ ದುಡ್ಡು ಕೊಟ್ಟ ಹಾಗಾಯಿತು. ಮೊದಲ ಕಂತು ವಾಪಸ್ ಬರುವುದಿಲ್ಲ, ಯಾಕೆಂದರೆ ಅವರು ಕೇಳಿದ್ದನ್ನು ಕೊಟ್ಟಿದ್ದಾರೆ. ಬೇಡದ್ದನ್ನು ಕೇಳಿದವರು ನಾವು.

ವೀಸಾ ಮುಗಿಯುವ ಭಯ ನಿಮ್ಮನ್ನೂ ಅದೇ ದಾರಿಗೆ ತಳ್ಳುತ್ತಿದೆ ಅನ್ನಿಸುತ್ತದೆ. 1(3)ರ ನೋಂದಣಿಗೆ ಆ ವೀಸಾ ಅಡ್ಡ ಬರುವುದಿಲ್ಲ. ಅಡ್ಡ ಬರುವುದು ಪ್ರಯಾಣಕ್ಕೆ: ವೀಸಾ ಮುಗಿದ ಮೇಲೆ ಮಗುವನ್ನು ಊರಿಗೆ ಕರೆದುಕೊಂಡು ಹೋದರೆ ವಾಪಸ್ ಬರಲು ಹೊಸ ವೀಸಾ ಬೇಕು. ನೋಂದಣಿ ಅರ್ಜಿಯ ತೀರ್ಮಾನಕ್ಕೆ ಸಾಮಾನ್ಯವಾಗಿ ಆರು ತಿಂಗಳವರೆಗೆ ಹಿಡಿಯುತ್ತದೆ. ಈ ಸಲದ ದಸರಾ ರಜೆಗೆ ಟಿಕೆಟ್ ಮಾಡಬೇಡಿ.

ನೀವೂ ಬ್ರಿಟಿಷ್ ಪ್ರಜೆಗಳಾದ ಮೇಲೆ ಎಲ್ಲರೂ ಒಟ್ಟಿಗೆ ಹಾಕುತ್ತೇವೆ ಅನ್ನುವ ಯೋಚನೆಯನ್ನೂ ಬಿಡಿ. ಒಟ್ಟಿಗೆ ಹಾಕಿದರೆ ಒಂದು ಪೌಂಡೂ ಉಳಿತಾಯವಾಗುವುದಿಲ್ಲ. ನಿಮ್ಮ ಅರ್ಜಿಗೆ ಲೈಫ್ ಇನ್ ದ ಯುಕೆ ಪರೀಕ್ಷೆ, ಇಂಗ್ಲಿಷ್ ಭಾಷೆ, ದೇಶದಿಂದ ಹೊರಗಿದ್ದ ದಿನಗಳ ಲೆಕ್ಕ ಎಲ್ಲ ಬೇಕು. ಮಗುವಿಗೆ ಯಾವುದೂ ಬೇಡ. ಹತ್ತು ವರ್ಷ ತುಂಬಿದ ಮೇಲೆ ನಡತೆಯನ್ನೂ ನೋಡುತ್ತಾರೆ, ನಿಮ್ಮವನಿಗೆ ಅದು ಇನ್ನೂ ದೂರದ ಮಾತು.

ದಾಖಲೆಗಳಲ್ಲಿ ಜನನ ಪ್ರಮಾಣಪತ್ರವನ್ನು ಇವತ್ತೇ ತೆಗೆದು ನೋಡಿ. ಇಲ್ಲಿ ಎರಡು ನಮೂನೆ ಕೊಡುತ್ತಾರೆ. ಚಿಕ್ಕದರಲ್ಲಿ ಮಗುವಿನ ಹೆಸರು, ಹುಟ್ಟಿದ ದಿನ ಇರುತ್ತದೆ, ಅಪ್ಪ ಅಮ್ಮನ ಹೆಸರಿರುವುದಿಲ್ಲ. ನಿಮ್ಮ ಐಎಲ್‌ಆರ್‌ನಿಂದಲೇ ಮಗುವಿಗೆ ಹಕ್ಕು ಬರುವುದರಿಂದ ಆ ನಂಟು ಕಾಗದದ ಮೇಲೆ ಕಾಣಬೇಕು, ಅದಕ್ಕೆ ಪೂರ್ಣ ಪ್ರಮಾಣಪತ್ರವೇ ಆಗಬೇಕು. ಇಲ್ಲದಿದ್ದರೆ ಆನ್‌ಲೈನ್‌ನಲ್ಲಿ ತರಿಸಿಕೊಳ್ಳಿ. ಮಗುವಿನ ಗುರುತನ್ನು ದೃಢೀಕರಿಸುವ ರೆಫರಿಗಳು ಇಬ್ಬರು ಬೇಕು. ಒಬ್ಬರು ಮಗುವನ್ನು ವೃತ್ತಿಯಿಂದಲೇ ಬಲ್ಲವರಾಗಿರಬೇಕು, ನಮಗೆ ಶಾಲೆಯ ಟೀಚರ್ ಸಹಿ ಹಾಕಿಕೊಟ್ಟರು. ಇನ್ನೊಬ್ಬರ ಹತ್ತಿರ ಬ್ರಿಟಿಷ್ ಪಾಸ್‌ಪೋರ್ಟ್ ಇರಬೇಕು. ಸಂಬಂಧಿಕರು ಆಗುವುದಿಲ್ಲ.

ಮಗುವಿನ ನೋಂದಣಿ ಶುಲ್ಕದ ಬಗ್ಗೆ ನನಗೆ ಈಗಲೂ ಸಿಟ್ಟಿದೆ. 1,012 ಪೌಂಡ್ ಇದ್ದಾಗ ಅರ್ಜಿ ನೋಡುವ ಖರ್ಚು 372 ಪೌಂಡ್ ಅಂತ ಸರ್ಕಾರದ್ದೇ ಲೆಕ್ಕವಿತ್ತು. ಪಿಆರ್‌ಸಿಬಿಸಿ ಅನ್ನುವ ಮಕ್ಕಳ ಪೌರತ್ವದ ಸಂಸ್ಥೆ ಇದನ್ನು ಕೋರ್ಟಿಗೆ ಒಯ್ದಿತು. ಮಕ್ಕಳ ಹಿತವನ್ನು ಹೋಮ್ ಆಫೀಸ್ (ಇಲ್ಲಿನ ಗೃಹ ಇಲಾಖೆ) ಸರಿಯಾಗಿ ಪರಿಗಣಿಸಿಲ್ಲ ಅಂತ 2021ರಲ್ಲಿ ಕೋರ್ಟ್ ಆಫ್ ಅಪೀಲ್ ಹೇಳಿತು. ಆದರೆ ಇಷ್ಟು ಶುಲ್ಕ ಹಾಕುವ ಅಧಿಕಾರವೇ ಸರ್ಕಾರಕ್ಕಿಲ್ಲ ಅನ್ನುವ ವಾದವನ್ನು ಸುಪ್ರೀಂ ಕೋರ್ಟ್ 2022ರಲ್ಲಿ ಒಪ್ಪಲಿಲ್ಲ. ಅದೇ ವರ್ಷದ ಜೂನ್‌ನಿಂದ ಕಟ್ಟಲು ಶಕ್ತಿಯಿಲ್ಲದ ಕುಟುಂಬದ ಮಕ್ಕಳಿಗೆ ಶುಲ್ಕ ಮನ್ನಾ ಕೇಳುವ ದಾರಿ ಬಂದಿದೆ. ಇದನ್ನು ಓದುವವರಲ್ಲಿ ಅಂಥ ಕಷ್ಟದಲ್ಲಿರುವವರಿದ್ದರೆ ಸಂಕೋಚಪಡದೆ ಕೇಳಿ.

ಇನ್ನು ಹಿರಿಯರ ಮಾತು. ನಮ್ಮದು ಸಾಗರದ ಕಡೆ, ಮಾವನವರದ್ದು ಅಡಿಕೆ ತೋಟ. ಮಗಳು ಬ್ರಿಟಿಷ್ ಪ್ರಜೆಯಾಗುವ ವಿಷಯ ಹೇಳಿದಾಗ ಅವರು ಫೋನಿನಲ್ಲಿ ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಂಗಾದ್ರೆ ನಾಳೆ ಈ ತೋಟ ಅವಳಿಗೆ ಬರೋ ಹಂಗಿಲ್ವೇನಮ್ಮ?" ಅಂದರು. ಬರುತ್ತದೆ. ಓಸಿಐ ಕಾರ್ಡ್ (ಬೇರೆ ದೇಶದ ಪ್ರಜೆಗಳಾದ ಭಾರತ ಮೂಲದವರಿಗೆ ಭಾರತ ಕೊಡುವ ಕಾರ್ಡ್) ಇದ್ದವರು ಕೃಷಿ ಜಮೀನನ್ನೋ ತೋಟವನ್ನೋ ಕೊಳ್ಳುವಂತಿಲ್ಲ, ದಾನಪತ್ರದಲ್ಲೂ ಪಡೆಯುವಂತಿಲ್ಲ. ವಾರಸುದಾರಿಕೆಯಿಂದ ಬಂದರೆ ತಡೆಯಿಲ್ಲ. ಅಷ್ಟು ಕೇಳಿದ ಮೇಲೆ ಅವರು ಆ ವಿಷಯ ಎತ್ತಲಿಲ್ಲ.

ನಿಜವಾಗಿ ಯೋಚಿಸಬೇಕಾದ್ದು ಓದಿನ ವಿಷಯ. ಬ್ರಿಟಿಷ್ ಪ್ರಜೆಯಾದ ಮೇಲೆ ಭಾರತದ ಪೌರತ್ವ ಇಟ್ಟುಕೊಳ್ಳಲು ನಮ್ಮ ಕಾನೂನು ಬಿಡುವುದಿಲ್ಲ. 2021ರ ಮಾರ್ಚ್ 4ರ ಅಧಿಸೂಚನೆಯ ಪ್ರಕಾರ, ಆಮೇಲೆ ಓಸಿಐ ಪಡೆದವರಿಗೆ ನೀಟ್, ಜೆಇಇ ಮೂಲಕ ಸಿಗುವುದು ಎನ್‌ಆರ್‌ಐ ಸೀಟುಗಳು ಇಲ್ಲವೇ ಸೂಪರ್‌ನ್ಯೂಮರರಿ (ಹೆಚ್ಚುವರಿ) ಸೀಟುಗಳು ಮಾತ್ರ. ಎರಡು ಮೂರು ವರ್ಷದಲ್ಲಿ ವಾಪಸ್ ಹೋಗಿ ಮಗನನ್ನು ಕರ್ನಾಟಕದಲ್ಲೇ ಡಾಕ್ಟರ್ ಓದಿಸುತ್ತೇವೆ ಅಂತ ಗಟ್ಟಿಯಾಗಿ ತೀರ್ಮಾನಿಸಿದ್ದರೆ ಈ ಅರ್ಜಿಯನ್ನೇ ಹಾಕಬೇಡಿ. ಸುಮ್ಮನೆ "ಮುಂದೆ ಹೋದರೂ ಹೋಗಬಹುದು" ಅನ್ನುವವರಾದರೆ ಹಾಕಿ. ಆ ಮಾತು ನಾವೂ ವರ್ಷ ವರ್ಷ ಆಡುತ್ತೇವೆ, ಮಗಳ ಸ್ನೇಹಿತರು, ಶಾಲೆ ಎಲ್ಲ ಇಲ್ಲೇ ಇದೆ. 1(3)ರಲ್ಲಿ ಪ್ರಜೆಯಾದವರಿಗೆ ಮುಂದೆ ಬೇರೆ ದೇಶದಲ್ಲಿ ಮಕ್ಕಳಾದರೂ ಆ ಮಕ್ಕಳು ಹುಟ್ಟಿನಿಂದಲೇ ಬ್ರಿಟಿಷರು, ಅದೂ ಲೆಕ್ಕದಲ್ಲಿರಲಿ.

ನೋಂದಣಿ ಪತ್ರ ಬಂದ ದಿನದಿಂದ ಮಗನ ಭಾರತದ ಪಾಸ್‌ಪೋರ್ಟ್‌ನಲ್ಲಿ ಪ್ರಯಾಣ ಮಾಡಿಸಬೇಡಿ. ಬ್ರಿಟಿಷ್ ಪಾಸ್‌ಪೋರ್ಟ್‌ಗೆ ಬೇರೆ ಅರ್ಜಿ, ಆಮೇಲೆ ಹಳೆಯದನ್ನು ಸರೆಂಡರ್ ಮಾಡಿ ಆ ಪತ್ರ ಹಿಡಿದು ಓಸಿಐ.

ಎರಡನೇ ಮಗು ಬರುತ್ತಿದೆ ಅಂತಲೂ ಬರೆದಿದ್ದೀರಿ, ಸಂತೋಷ. ಆ ಮಗುವಿಗೆ ಇದ್ಯಾವುದೂ ಇಲ್ಲ. ನಿಮಗೆ ಐಎಲ್‌ಆರ್ ಬಂದ ಮೇಲೆ ಇಲ್ಲಿ ಹುಟ್ಟುವುದರಿಂದ ಅದು ಹುಟ್ಟುತ್ತಲೇ ಬ್ರಿಟಿಷ್ ಪ್ರಜೆ. ಎಂಎನ್1 ಬೇಡ, ಪಾಸ್‌ಪೋರ್ಟ್ ಅರ್ಜಿ ಒಂದು ಹಾಕಿದರೆ ಆಯಿತು.