ನಿಮ್ಮ ಪ್ರಶ್ನೆ, ನಮ್ಮ ಉತ್ತರ: ನಂಜನಗೂಡಿನ ಹರಕೆ, ಅಮ್ಮನ ಮಾತ್ರೆ

ಪ್ರಶ್ನೆ: ನಮ್ಮ ತಾಯಿಯವರಿಗೆ ಅರವತ್ತೆಂಟು ವರ್ಷ, ಬಹುಕಾಲದಿಂದ ಸಕ್ಕರೆ ಕಾಯಿಲೆ. ಹೋದ ವರ್ಷ ಕಾಲಿನ ಹುಣ್ಣು ಮಾಯದೆ ಕಂಗೆಟ್ಟಾಗ, ವಾಸಿಯಾದರೆ ನಂಜನಗೂಡಿಗೆ ಬಂದು ಕಪಿಲೆಯಲ್ಲಿ ಮಿಂದು ಉರುಳುಸೇವೆ ಮಾಡುತ್ತೇನೆಂದು ಹರಕೆ ಹೊತ್ತರು. ಈಗ ಹುಣ್ಣು ಬಹುಮಟ್ಟಿಗೆ ಮಾಯ್ದಿದೆ. ಆ ದಿನ ಉಪವಾಸವಿದ್ದು, ಮಾತ್ರೆ ಮುಟ್ಟದೆ ಸೇವೆ ಮುಗಿಸಬೇಕೆಂದು ಹಟ ಹಿಡಿದಿದ್ದಾರೆ. ಹಾಸನದಿಂದ ಯಾವಾಗ, ಹೇಗೆ ಕರೆದೊಯ್ಯುವುದು ಒಳ್ಳೆಯದು?
– ಓದುಗರೊಬ್ಬರು, ಹಾಸನ

ಉತ್ತರ: ಹರಕೆಯನ್ನು ತೀರಿಸಿ, ಆದರೆ ಅದನ್ನು ತೀರಿಸುವ ಕ್ರಮವನ್ನು ತಾಯಿಯವರ ಕಾಲಿಗೆ ತಕ್ಕಂತೆ ಬದಲಿಸಿಕೊಳ್ಳಿ. ಶ್ರೀಕಂಠೇಶ್ವರನ ದೇವಾಲಯ ನಮ್ಮ ನಾಡಿನ ಅತಿ ದೊಡ್ಡ ದೇಗುಲಗಳಲ್ಲಿ ಒಂದು. ಸುಮಾರು 385 ಅಡಿ ಉದ್ದ, 160 ಅಡಿ ಅಗಲವಿರುವ ಈ ಕಟ್ಟಡದ ಸುತ್ತ ಉರುಳುವುದೆಂದರೆ ಗಟ್ಟಿಮುಟ್ಟಾದ ಯುವಕರೂ ಏದುಸಿರು ಬಿಡುವಂಥ ಕೆಲಸ. ಅಲ್ಲಿ ಉರುಳುವವರನ್ನು ನೀವೇ ನೋಡುತ್ತೀರಿ: ನದಿಯಲ್ಲಿ ಮಿಂದು ಒದ್ದೆ ಬಟ್ಟೆಯಲ್ಲೇ ಬಂದು, ಕೈಗಳನ್ನು ತಲೆಯಾಚೆಗೆ ಚಾಚಿ ಜೋಡಿಸಿ ಮಲಗುತ್ತಾರೆ, ಪಕ್ಕದಲ್ಲಿ ಬಾಗಿ ನಡೆಯುವ ಮನೆಯವರು ಹೆಗಲನ್ನೋ ಮಂಡಿಯನ್ನೋ ಮೆಲ್ಲಗೆ ತಳ್ಳಿ ದಾರಿ ತಪ್ಪದಂತೆ ನೋಡಿಕೊಳ್ಳುತ್ತಾರೆ, ಮೂಲೆ ತಿರುಗುವಾಗಲಂತೂ ಇಬ್ಬರು ಬೇಕಾಗುತ್ತದೆ. ಈಗಷ್ಟೇ ಮಾಯ್ದ ಹುಣ್ಣಿನ ಎಳೆಯ ಚರ್ಮವು ಕಲ್ಲಿನ ಈ ಉಜ್ಜಾಟವನ್ನು ತಡೆಯುವುದಿಲ್ಲ.

ಸಕ್ಕರೆ ಕಾಯಿಲೆ ಹಳೆಯದಾದವರ ಪಾದಗಳಲ್ಲಿ ಸ್ಪರ್ಶಜ್ಞಾನ ಕುಂದಿರುವುದುಂಟು. ಅಂಥವರಿಗೆ ಬಿಸಿಲಿಗೆ ಕಾದ ಚಪ್ಪಡಿ ಸುಟ್ಟರೂ ತಿಳಿಯದು, ಸ್ನಾನಘಟ್ಟದ ಕಲ್ಲಿನ ಚೂರು ಚುಚ್ಚಿದರೂ ತಿಳಿಯದು. ಮನೆಗೆ ಬಂದ ಮೇಲೆ ಬೊಬ್ಬೆ ಎದ್ದಿರುವುದನ್ನು ಮತ್ತೊಬ್ಬರು ನೋಡಿ ಹೇಳಬೇಕು. ಆದ್ದರಿಂದ ಬಿಸಿಲೇರುವ ಮುನ್ನವೇ ದರ್ಶನ ಮುಗಿಯುವಂತೆ ಹೋಗಿ. ಒಳಗೆ ನಡೆಯಲು ದಪ್ಪ ಹತ್ತಿಯ ಕಾಲುಚೀಲ ಹಾಕಿಕೊಳ್ಳಬಹುದೇ ಎಂದು ಅಲ್ಲಿಯವರನ್ನು ಮೊದಲೇ ಕೇಳಿ. ನದಿಗೆ ಇಳಿಸುವುದು ಬೇಡ. ಮಾಯುತ್ತಿರುವ ಗಾಯಕ್ಕೆ ಹೊಳೆಯ ನೀರು ಸೋಂಕು ತರಬಹುದು. ಚೊಂಬಿನಲ್ಲಿ ಕಪಿಲೆಯ ನೀರು ತಂದು ತಲೆಗೆ ಪ್ರೋಕ್ಷಿಸಿದರೆ ಸಾಕು. ನಡೆಯಲಾರದ ವೃದ್ಧರಿಗೆ ಮನೆಯವರು ಮಾಡುವುದೂ ಇದನ್ನೇ. ಉರುಳುಸೇವೆಯನ್ನು ತಾಯಿಯ ಹೆಸರಿನಲ್ಲಿ ಮಕ್ಕಳಾದ ನೀವೇ ಮಾಡಬಹುದು. ಅವರಿಗೆ ಸಮಾಧಾನವಾಗದಿದ್ದರೆ ಅರ್ಚಕರ ಬಾಯಿಂದಲೇ ಹೇಳಿಸಿ, ಮಗನ ಮಾತಿಗಿಂತ ಆ ಮಾತಿಗೆ ಬೆಲೆ ಹೆಚ್ಚು.

ಉಪವಾಸದ ವಿಷಯದಲ್ಲಿ ಮಾತ್ರ ದಾಕ್ಷಿಣ್ಯ ಬೇಡ. ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಂಡು ಊಟ ಬಿಟ್ಟರೆ ರಕ್ತದ ಸಕ್ಕರೆ ಥಟ್ಟನೆ ಕುಸಿದು, ಬೆವರು, ನಡುಕ, ಮಂಕು ಬಂದು ಸರದಿ ಸಾಲಿನಲ್ಲೇ ಕುಸಿದುಬಿಡಬಹುದು. ಔಷಧವನ್ನೇ ಬಿಟ್ಟರೆ ಸಕ್ಕರೆ ಏರಿ, ಮಾಯುತ್ತಿರುವ ಹುಣ್ಣು ಮತ್ತೆ ಕೆಡಬಹುದು. ಹೊರಡುವ ವಾರ ವೈದ್ಯರಲ್ಲಿ ಆ ದಿನದ ಊಟ ಮತ್ತು ಔಷಧದ ವೇಳೆಯನ್ನು ಗೊತ್ತುಮಾಡಿಕೊಳ್ಳಿ, ಕೈಚೀಲದಲ್ಲಿ ತಿಂಡಿಯ ಜೊತೆಗೆ ಒಂದಿಷ್ಟು ಸಕ್ಕರೆಯನ್ನೂ ಇಟ್ಟುಕೊಳ್ಳಿ. ಹಾಲಾಹಲ ಕುಡಿದ ಶಿವನ ಕೊರಳನ್ನು ಪಾರ್ವತಿ ಒತ್ತಿ ಹಿಡಿಯದೆ ‘ದೇವರಲ್ಲವೇ, ತಾನೇ ಸರಿಹೋಗುತ್ತದೆ’ ಎಂದು ಸುಮ್ಮನೆ ಕೂರಲಿಲ್ಲವೆಂಬುದನ್ನು ತಾಯಿಯವರಿಗೆ ನೆನಪಿಸಬಹುದು.

ದಿನದ ಆಯ್ಕೆಯೂ ಮುಖ್ಯ. ಸೋಮವಾರ, ಅಮಾವಾಸ್ಯೆ ಮತ್ತು ಹುಣ್ಣಿಮೆಗಳಲ್ಲಿ ಜನ ಕಿಕ್ಕಿರಿಯುತ್ತಾರೆ. ಮಾರ್ಚ್–ಏಪ್ರಿಲ್ ಸುಮಾರಿನ ದೊಡ್ಡ ಜಾತ್ರೆಯಲ್ಲಿ ಗಣಪತಿ, ಶ್ರೀಕಂಠೇಶ್ವರ, ಪಾರ್ವತಿ, ಸುಬ್ರಹ್ಮಣ್ಯ, ಚಂಡಿಕೇಶ್ವರರ ಐದು ತೇರುಗಳು ಹೊರಡುವುದನ್ನು ನೋಡುವುದು ಭಾಗ್ಯವೇ ಹೌದು, ಆದರೆ ರೋಗಿಯನ್ನು ಕರೆದೊಯ್ಯುವ ದಿನ ಅದಲ್ಲ. ಮಳೆಗಾಲದಲ್ಲಿ ವಯನಾಡಿನಲ್ಲಿ ಮಳೆ ಸುರಿದು ಕಬಿನಿ ಜಲಾಶಯದಿಂದ ನೀರು ಬಿಟ್ಟರೆ ಸ್ನಾನಘಟ್ಟದ ಬಳಿಯ ಹದಿನಾರು ಕಾಲು ಮಂಟಪವೂ ಮುಳುಗುತ್ತದೆ. ಮಳೆ ನಿಂತ ಮೇಲೆ, ಚಳಿಗಾಲದ ಯಾವುದಾದರೂ ಬುಧವಾರವೋ ಗುರುವಾರವೋ ಹೋಗುವುದು ನನ್ನ ದೃಷ್ಟಿಯಲ್ಲಿ ಅತ್ಯುತ್ತಮ.

ಹಾಸನದಿಂದ ಹೊಳೆನರಸೀಪುರ, ಕೃಷ್ಣರಾಜನಗರಗಳ ಮೇಲೆ ಮೈಸೂರಿಗೆ ರೈಲೂ ಇದೆ, ರಸ್ತೆಯೂ ಇದೆ; ಮೈಸೂರಿನಿಂದ ನಂಜನಗೂಡು ಸುಮಾರು 25 ಕಿಲೋಮೀಟರ್, ಚಾಮರಾಜನಗರದ ರೈಲುಮಾರ್ಗದಲ್ಲೇ ಬರುತ್ತದೆ. ತಾಯಿಯವರ ಸ್ಥಿತಿಗೆ ಬಾಡಿಗೆ ಕಾರು ಲೇಸು. ಹಿಂದಿನ ರಾತ್ರಿ ಮೈಸೂರಿನಲ್ಲಿ ತಂಗಿದರೆ ಬೆಳಗಿನ ದರ್ಶನಕ್ಕೆ ಅವಸರಪಡಬೇಕಾಗಿಲ್ಲ.

ಪ್ರಶ್ನೆ: ಟಿಪ್ಪು ಸುಲ್ತಾನನ ಆನೆಗೆ ನಂಜುಂಡೇಶ್ವರನು ಕಣ್ಣು ಕೊಟ್ಟನೆಂಬುದು ನಿಜವೇ?
– ಓದುಗರೊಬ್ಬರು, ಸಕಲೇಶಪುರ

ಉತ್ತರ: ಕಣ್ಣು ಕಾಣದಾಗಿದ್ದ ಪಟ್ಟದಾನೆಗೆ ಇಲ್ಲಿ ಪೂಜೆ ಸಲ್ಲಿಸಿದ ಬಳಿಕ ದೃಷ್ಟಿ ಮರಳಿತೆಂದೂ, ಸುಲ್ತಾನನು ದೇವರನ್ನು ‘ಹಕೀಂ ನಂಜುಂಡ’ ಎಂದು ಕರೆದು ಪಚ್ಚೆಯ ಲಿಂಗವನ್ನು ಒಪ್ಪಿಸಿದನೆಂದೂ ಪರಂಪರೆ ಹೇಳುತ್ತದೆ. ಆನೆಯ ಕಥೆಯನ್ನು ಭಕ್ತರ ಬಾಯಿಮಾತಾಗಿಯೇ ಕೇಳಬೇಕು. ಟಿಪ್ಪುವಿನ ಕಾಣಿಕೆಯೆಂದು ಹೇಳುವ ಪಚ್ಚೆ ಲಿಂಗ ಮಾತ್ರ ಇಂದಿಗೂ ದೇವಾಲಯದಲ್ಲಿದೆ. ಆತನಿಗೂ ಹಿಂದೂ ಧರ್ಮಸ್ಥಾನಗಳಿಗೂ ಇದ್ದ ಸಂಬಂಧಕ್ಕೆ ಕಾಗದದ ಆಧಾರ ಬೇಕೆಂದರೆ ನಿಮ್ಮ ನೆರೆಯ ಚಿಕ್ಕಮಗಳೂರು ಜಿಲ್ಲೆಯನ್ನೇ ನೋಡಬೇಕು. 1791ರಲ್ಲಿ ಮರಾಠಾ ಸೇನೆಯವರು ಶೃಂಗೇರಿಯನ್ನು ಲೂಟಿ ಮಾಡಿದ ಮೇಲೆ ಟಿಪ್ಪು ಅಲ್ಲಿನ ಜಗದ್ಗುರುಗಳಿಗೆ ಕನ್ನಡದಲ್ಲಿ ಬರೆಸಿದ ಪತ್ರಗಳು ಮಠದಲ್ಲಿ ಉಳಿದಿದ್ದವು. 1916ರಲ್ಲಿ ಮೈಸೂರಿನ ಪುರಾತತ್ತ್ವ ಇಲಾಖೆಯ ಆರ್. ನರಸಿಂಹಾಚಾರ್ ಅವುಗಳನ್ನು ಬೆಳಕಿಗೆ ತಂದರು. ನಂಜನಗೂಡಿನ ಕಥೆಗೆ ಅಂಥ ಕಾಗದದ ಬಲ ಬೇಕೆಂದು ಭಕ್ತರಂತೂ ಎಂದೂ ಕೇಳಿದವರಲ್ಲ.

ಪ್ರಶ್ನೆ: ಅಷ್ಟು ದೂರ ಹೋಗಲಾರದವರಿಗೆ ನಮ್ಮ ಜಿಲ್ಲೆಯಲ್ಲೇ ನದೀತೀರದ ಕ್ಷೇತ್ರವಿದೆಯೇ?
– ಓದುಗರೊಬ್ಬರು, ಅರಸೀಕೆರೆ

ಉತ್ತರ: ಅರಕಲಗೂಡು ತಾಲ್ಲೂಕಿನ ರಾಮನಾಥಪುರಕ್ಕೆ ಹೋಗಿ ಬನ್ನಿ. ಕಾವೇರಿಯ ದಡದಲ್ಲಿ ರಾಮೇಶ್ವರನೂ ಸುಬ್ರಹ್ಮಣ್ಯನೂ ಇದ್ದಾರೆ. ನಾಗದೋಷ, ಚರ್ಮದ ತೊಂದರೆ ಎಂದು ಹರಕೆ ಹೊತ್ತವರು ಸುಬ್ರಹ್ಮಣ್ಯನ ಬಳಿಗೆ ಬರುತ್ತಾರೆ. ವಹ್ನಿ ಪುಷ್ಕರಿಣಿಯಲ್ಲಿ ಮೀನು ಹಿಡಿಯುವಂತಿಲ್ಲವಾದ್ದರಿಂದ ಅಲ್ಲಿನ ದೊಡ್ಡ ಮೀನುಗಳಿಗೆ ಮನುಷ್ಯರ ಭಯವೇ ಇಲ್ಲ. ಅವುಗಳಿಗೆ ಪುರಿ ಹಾಕಿ, ಆದರೆ ಪ್ಲಾಸ್ಟಿಕ್ ಚೀಲವನ್ನು ದಯವಿಟ್ಟು ಮನೆಗೆ ವಾಪಸು ತನ್ನಿ.