ಟಿ-ಜಂಕ್ಷನ್‌ನಲ್ಲಿ ಎಣ್ಣೆಯ ಹರಿವನ್ನು ಹೆಚ್ಚಿಸಿದರೂ ಹನಿಗಳು ಏಕೆ ಚಿಕ್ಕದಾಗುವುದಿಲ್ಲ?

ಪಿಡಿಎಂಎಸ್ (ಒಂದು ಬಗೆಯ ಸಿಲಿಕೋನ್ ರಬ್ಬರ್) ಚಿಪ್‌ನ ಟಿ-ಜಂಕ್ಷನ್‌ನಲ್ಲಿ, ಅಂದರೆ ಎಣ್ಣೆ ಹರಿಯುವ ಸಣ್ಣ ಚಾನೆಲ್‌ಗೆ ಪಕ್ಕದಿಂದ ನೀರು ಬಂದು ಸೇರುವಲ್ಲಿ, ಎಣ್ಣೆಯ ಹರಿವನ್ನು ಎರಡು ಪಟ್ಟು ಮಾಡಿದರೂ ನೀರಿನ ಹನಿಗಳು ಚಾನೆಲ್‌ನ ಅಗಲಕ್ಕಿಂತ ಚಿಕ್ಕದಾಗುತ್ತಿಲ್ಲ, ಗಾತ್ರವೂ ಒಂದೇ ಸಮನಾಗಿಲ್ಲ ಎಂದು ಕೇಳಿದ್ದೀರಿ. ಇವೆರಡೂ ಬೇರೆ ಬೇರೆ ತೊಂದರೆಗಳಾದ್ದರಿಂದ ಬಿಡಿಬಿಡಿಯಾಗಿಯೇ ನೋಡಬೇಕೆಂದು ನನ್ನ ಅಭಿಪ್ರಾಯ.

ಮೊದಲು ಕ್ಯಾಪಿಲರಿ ಸಂಖ್ಯೆಯನ್ನು (ಮೇಲ್ಮೈ ಎಳೆತಕ್ಕೆ ಹೋಲಿಸಿದರೆ ಎಣ್ಣೆಯ ಸೆಳೆತ ಎಷ್ಟು ಬಲವಾದದ್ದು ಎಂಬ ಅಳತೆ) ಲೆಕ್ಕ ಹಾಕಿ: ಎಣ್ಣೆಯ ಸ್ನಿಗ್ಧತೆಯನ್ನು ಅದರ ವೇಗದಿಂದ ಗುಣಿಸಿ, ಎರಡು ದ್ರವಗಳ ನಡುವಿನ ಮೇಲ್ಮೈ ಎಳೆತದಿಂದ ಭಾಗಿಸಬೇಕು. ಅದು ಸುಮಾರು 0.01ಕ್ಕಿಂತ ಕಡಿಮೆಯಿದ್ದರೆ ಹನಿಯನ್ನು ತುಂಡರಿಸುವುದು ಎಣ್ಣೆಯ ಸೆಳೆತವಲ್ಲ. ಚಾಚಿಕೊಂಡ ನೀರು ಚಾನೆಲನ್ನು ಬಹುಮಟ್ಟಿಗೆ ಮುಚ್ಚಿದಾಗ ಅದರ ಹಿಂದೆ ಎಣ್ಣೆಯಲ್ಲಿ ಏರುವ ಒತ್ತಡವೇ ಕುತ್ತಿಗೆಯನ್ನು ಹಿಸುಕಿ ಕಡಿಯುತ್ತದೆ. ಸಂಶೋಧಕ ಗಾರ್ಸ್ಟೆಕಿ ಮತ್ತು ಸಂಗಡಿಗರು 2006ರಲ್ಲಿ ತೋರಿಸಿಕೊಟ್ಟಂತೆ, ಈ ಸ್ಥಿತಿಯಲ್ಲಿ ಹನಿಯ ಉದ್ದದಲ್ಲಿ ಎರಡು ಭಾಗಗಳಿರುತ್ತವೆ: ಒಂದು ಸರಿಸುಮಾರು ಚಾನೆಲ್‌ನ ಅಗಲದಷ್ಟು, ಇನ್ನೊಂದು ಎಣ್ಣೆಗೆ ಹೋಲಿಸಿದರೆ ನೀರು ಎಷ್ಟು ಹರಿಯುತ್ತಿದೆ ಎಂಬುದಕ್ಕೆ ತಕ್ಕಂತೆ ಬೆಳೆಯುವಂಥದ್ದು. ಎಣ್ಣೆ ಹೆಚ್ಚಿದಾಗ ಕುಗ್ಗುವುದು ಎರಡನೆಯದು ಮಾತ್ರ, ಮೊದಲನೆಯದು ಹಾಗೆಯೇ ಉಳಿಯುತ್ತದೆ. ನಿಮಗೆ ಎದುರಾಗಿರುವ ತಡೆ ಇದೇ ಇರಬೇಕು.

ಅದನ್ನು ದಾಟಲು ಚಾನೆಲನ್ನೇ ಕಿರಿದಾಗಿಸಬೇಕು, ಇಲ್ಲವೇ ಹೆಚ್ಚು ಸ್ನಿಗ್ಧತೆಯ ಎಣ್ಣೆ, ಹೆಚ್ಚಿನ ವೇಗ ಅಥವಾ ಸರ್ಫ್ಯಾಕ್ಟಂಟ್ (ಮೇಲ್ಮೈ ಎಳೆತ ತಗ್ಗಿಸುವ, ಸಾಬೂನಿನಂಥ ವಸ್ತು) ಮೂಲಕ ಕ್ಯಾಪಿಲರಿ ಸಂಖ್ಯೆಯನ್ನು ಏರಿಸಬೇಕು. ಮಿತಿಮೀರಿ ಏರಿಸಿದರೆ ನೀರು ಎಳೆಯಾಗಿ ಉದ್ದಕ್ಕೆ ಚಾಚಿ, ಮುಂದೆಲ್ಲೋ ಅಸಮವಾಗಿ ಒಡೆಯುತ್ತದೆ. ಹೊಸ ಚಿಪ್ ಮಾಡಿಸುವ ಅವಕಾಶವಿದ್ದರೆ, ಎರಡೂ ಬದಿಯಿಂದ ಎಣ್ಣೆ ಒತ್ತುವ ಫ್ಲೋ-ಫೋಕಸಿಂಗ್ ವಿನ್ಯಾಸವನ್ನೇ ನಾನು ಆರಿಸುತ್ತೇನೆ.

ಗಾತ್ರ ಅಸಮವಾಗಿದ್ದರೆ ನಾನು ಮೊದಲು ಅನುಮಾನಿಸುವುದು ಚಾನೆಲ್‌ನ ಗೋಡೆಯನ್ನು. ಪ್ಲಾಸ್ಮಾದಿಂದ (ಅಯಾನೀಕೃತ ಅನಿಲದಿಂದ) ಮೇಲ್ಮೈ ಹದಗೊಳಿಸಿ ಅಂಟಿಸಿದ ಹೊಸತರಲ್ಲಿ ಪಿಡಿಎಂಎಸ್ ನೀರನ್ನು ಸೆಳೆಯುತ್ತದೆ. ಗೋಡೆಗೆ ಎಣ್ಣೆಯ ಬದಲು ನೀರು ಅಂಟಿಕೊಂಡರೆ ಯಾವ ಹರಿವಿನಲ್ಲೂ ಹನಿಗಳು ಹದವಾಗಿ ಬರುವುದಿಲ್ಲ. ಚಿಪ್ಪನ್ನು ಬಿಸಿ ಒಲೆಯಲ್ಲಿಟ್ಟು ನೀರನ್ನು ದೂರವಿಡುವ ಅದರ ಮೂಲಗುಣ ಮರಳುವಂತೆ ಮಾಡಬಹುದು, ಅಥವಾ ಅದೇ ಗುಣ ಕೊಡುವ ಫ್ಲೋರೋಸಿಲೇನ್ ಎಂಬ ರಾಸಾಯನಿಕ ಲೇಪಿಸಬಹುದು. ಗೋಡೆ ಸರಿಯಿದ್ದರೆ ಸಿರಿಂಜ್ ಪಂಪಿನ ಹೆಜ್ಜೆಹೆಜ್ಜೆಯ ಮಿಡಿತವನ್ನು ನೋಡಿ: ಕಡಿಮೆ ವ್ಯಾಸದ ಸಿರಿಂಜ್ ಬಳಸಿದರೆ ಅದು ಕಡಿಮೆಯಾಗುತ್ತದೆ. ಕೊಳವೆಯಲ್ಲಿ ಸಿಕ್ಕಿಕೊಂಡ ಗಾಳಿಗುಳ್ಳೆ ಸ್ಪ್ರಿಂಗ್‌ನಂತೆ ವರ್ತಿಸುವುದರಿಂದ ಅದನ್ನು ಹೊರಹಾಕಿ, ಹರಿವು ಬದಲಿಸಿದಾಗಲೆಲ್ಲ ಸ್ಥಿರವಾಗುವವರೆಗೆ ಕಾಯಿರಿ.

ಅಳತೆಗೆ ಚಿತ್ರವೊಂದನ್ನೇ ನೆಚ್ಚಬೇಡಿ. ವ್ಯಾಸದಲ್ಲಿ 5% ತಪ್ಪಿದರೆ ಘನಗಾತ್ರದಲ್ಲಿ ಸುಮಾರು 15% ತಪ್ಪುತ್ತದೆ. ನೀರಿನ ಹರಿವನ್ನು ಸೆಕೆಂಡಿಗೆ ಹುಟ್ಟುವ ಹನಿಗಳ ಸಂಖ್ಯೆಯಿಂದ ಭಾಗಿಸಿದರೆ ಒಂದು ಹನಿಯ ಘನಗಾತ್ರ ಸಿಗುತ್ತದೆ, ಅದನ್ನು ಚಿತ್ರದ ಅಳತೆಯೊಂದಿಗೆ ಹೋಲಿಸಿ: 50 ಮೈಕ್ರೋಮೀಟರ್ ವ್ಯಾಸದ ಹನಿ ಸುಮಾರು 65 ಪಿಕೋಲೀಟರ್ ಇರುವುದರಿಂದ, ಸೆಕೆಂಡಿಗೆ 1000 ಹನಿಗಳಿಗೆ ನಿಮಿಷಕ್ಕೆ 3.9 ಮೈಕ್ರೋಲೀಟರ್ ನೀರು ಬೇಕು. ಪಂಪಿನ ಅಂಕಿ ಇದಕ್ಕೆ ಹೊಂದದಿದ್ದರೆ ಸೋರಿಕೆ ಎಲ್ಲಿದೆಯೆಂದು ಹುಡುಕಿ.