ಮನವಿ ಮುಟ್ಟುತ್ತಿಲ್ಲ, ಬಂದ ಹಣ ಯಾರದೋ ತಿಳಿಯುತ್ತಿಲ್ಲ

ಪ್ರಶ್ನೆ: ನಮ್ಮ ನೋಂದಾಯಿತ ಟ್ರಸ್ಟ್ ಮಕ್ಕಳ ವಾಚನಾಲಯ ನಡೆಸುತ್ತದೆ. ವಾಟ್ಸ್‌ಆ್ಯಪ್ ಬ್ರಾಡ್‌ಕಾಸ್ಟ್‌ನಲ್ಲಿ (ಒಂದೇ ಸಂದೇಶ ಹಲವರಿಗೆ ಬೇರೆ ಬೇರೆಯಾಗಿ ಹೋಗುವ ಪಟ್ಟಿ) 200 ಮಂದಿಗೆ ಮನವಿ ಕಳಿಸಿದರೂ ಅರ್ಧ ಜನಕ್ಕೆ ಮುಟ್ಟುವುದಿಲ್ಲ. ಕ್ಯೂಆರ್ ಮೂಲಕ ಬಂದ ದೇಣಿಗೆ ಯಾರದೆಂದೂ ಗೊತ್ತಾಗುವುದಿಲ್ಲ. ಏನು ಮಾಡಬೇಕು?
– ಓದುಗರು, ಬ್ಯಾಡಗಿ

ಉತ್ತರ: ನಿಮ್ಮ ನಂಬರನ್ನು ತಮ್ಮ ಫೋನಿನಲ್ಲಿ ಸೇವ್ ಮಾಡಿಕೊಂಡವರಿಗಷ್ಟೇ ಬ್ರಾಡ್‌ಕಾಸ್ಟ್ ಮುಟ್ಟುತ್ತದೆ. ಒಂದು ಪಟ್ಟಿಗೆ 256 ಜನರ ಮಿತಿಯೂ ಇದೆ. ಆದ್ದರಿಂದ ಮೊದಲು ಒಬ್ಬೊಬ್ಬರಿಗೂ ಹೆಸರು ಹಿಡಿದು ಎರಡು ಸಾಲು ಬರೆದು, ನಂಬರ್ ಸೇವ್ ಮಾಡಿಕೊಳ್ಳಲು ಕೇಳಿ. ದಿನಕ್ಕೆ 20 ಜನ ಸಾಕು. ಗುರುತಿಲ್ಲದ ನೂರಾರು ಜನರಿಗೆ ಒಮ್ಮೆಲೇ ಕಳಿಸಿದರೆ ಖಾತೆಯೇ ಬಂದ್ ಆಗಬಹುದು. ಬೇಡ ಎಂದವರನ್ನು ಅಂದೇ ಪಟ್ಟಿಯಿಂದ ತೆಗೆಯಿರಿ.

ಕ್ಯೂಆರ್ ಟ್ರಸ್ಟ್‌ನ ಬ್ಯಾಂಕ್ ಖಾತೆಯದ್ದೇ ಆಗಿರಲಿ, ಕಾರ್ಯದರ್ಶಿಯ ಸ್ವಂತ ಖಾತೆಯದ್ದು ಖಂಡಿತ ಬೇಡ. ಅದರ ಕೆಳಗೇ ‘ಹಣ ಕಳಿಸಿದ ಮೇಲೆ 12 ಅಂಕಿಯ ಯುಪಿಐ ವಹಿವಾಟು ಸಂಖ್ಯೆ, ಹೆಸರು, ವಿಳಾಸ, ಪ್ಯಾನ್ ತಿಳಿಸಿ’ ಎಂದು ಅಚ್ಚು ಹಾಕಿಸಿ. ವಾರಕ್ಕೊಮ್ಮೆ ಆ ಸಂಖ್ಯೆಯನ್ನು ಬ್ಯಾಂಕ್ ಸ್ಟೇಟ್‌ಮೆಂಟ್ ಜತೆ ತಾಳೆ ನೋಡಿ, ರಸೀದಿ ಕಳಿಸಿ. ದೇಣಿಗೆಗೆ ಆದಾಯ ತೆರಿಗೆ ರಿಯಾಯಿತಿ ಕೊಡಿಸುವ 80ಜಿ ಮಾನ್ಯತೆ ಟ್ರಸ್ಟ್‌ಗಿದ್ದರೆ, ಹೆಸರು, ವಿಳಾಸ, ಪ್ಯಾನ್‌ನಂಥ ಗುರುತಿನ ಸಂಖ್ಯೆ ಇಲ್ಲದೆ ದಾನಿಗೆ ಪ್ರಮಾಣಪತ್ರ ಕೊಡಲಾಗದು. ನಗದು 2,000 ರೂಪಾಯಿ ಮೀರಿದರೆ ಅವರಿಗೆ ತೆರಿಗೆ ರಿಯಾಯಿತಿಯೂ ಸಿಗದು.

ರೈತ ದಾನಿಗಳಿಗೆ ಮಳೆಗಾಲದ ಬಿತ್ತನೆ ಹೊತ್ತಿನಲ್ಲಿ ಕೇಳಬೇಡಿ. ಮೆಣಸಿನಕಾಯಿ ಮಾರುಕಟ್ಟೆಗೆ ಬರುವ ಜನವರಿಯಿಂದ ಮಾರ್ಚ್‌ವರೆಗೆ ಕೇಳಿ.